ಹೊಂಗೆ ಸಸಿಗಳ ನೀರು

ಆ ಸಸಿಗಳನ್ನು ಕೊಂದವನು ನಾನು. ದುರ್ಗಮ್ಮ ಅಲ್ಲ. ಇಷ್ಟು ಚಿಕ್ಕ ಮಾತು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಎರಡು ಸಾವಿರದ ದಶಕದ ಮೊದಲ ವರ್ಷಗಳವು. ಹೇರೋಹಳ್ಳಿಯ ನಮ್ಮ ಬಡಾವಣೆಗೆ ಆಗ ನೆಟ್ಟಗೆ ರಸ್ತೆಯಿರಲಿಲ್ಲ, ನಿಲ್ಲಲು ಒಂದು ತುಂಡು ನೆರಳೂ ಇರಲಿಲ್ಲ. ನಿವಾಸಿಗಳೆಲ್ಲ ಸೇರಿ ಹದಿನಾಲ್ಕು ಹೊಂಗೆ ಸಸಿ ನೆಟ್ಟೆವು. ನಾನು ಸಂಘದ ಕಾರ್ಯದರ್ಶಿ. ಬೇಸಿಗೆಯಲ್ಲಿ ಸಸಿಗಳಿಗೆಂದೇ ವಾರಕ್ಕೆರಡು ಸಲ ಟ್ಯಾಂಕರ್ ತರಿಸಿ ಮೂಲೆಯ ತೊಟ್ಟಿ ತುಂಬಿಸುತ್ತಿದ್ದೆವು. ನೀರು ಹಾಕುವ ಕೆಲಸ ರಾಯಚೂರಿನ ಕಡೆಯಿಂದ ಬಂದಿದ್ದ ದುರ್ಗಮ್ಮನದು. ಅದಕ್ಕೆ ಬದಲಾಗಿ ಖಾಲಿ ಸೈಟೊಂದರಲ್ಲಿ ಆಕೆ, ಗಾರೆ ಕೆಲಸದ ಗಂಡ, ಕಣ್ಣು ಕಾಣದ ಅತ್ತೆ — ಮೂವರೂ ಶೆಡ್ ಹಾಕಿಕೊಂಡಿದ್ದರು.

ಆಕೆ ಸಸಿಗಳನ್ನು ಸಾಕಿದ ರೀತಿ ನಮಗ್ಯಾರಿಗೂ ಗೊತ್ತಿರಲಿಲ್ಲ. ಬೆಳಗಿನ ಬಿಸಿಲೇರುವ ಮೊದಲೇ ನೀರು. ಪಶ್ಚಿಮಕ್ಕೆ ಗೋಣಿಚೀಲದ ಮರೆ. ಬುಡದ ಸುತ್ತ ಒಣ ಎಲೆಯ ದಪ್ಪ ಹೊದಿಕೆ.

"ಬಿಸಲು ಎಲಿಗೆ ತಾಗಿದ್ರ ಏನಾಗಂಗಿಲ್ರೀ ಸಾಹೇಬ್ರ, ಬುಡ ಕಾಯಬಾರ್ದು" ಎನ್ನುತ್ತಿದ್ದಳು.

ಆ ಬೇಸಿಗೆಯ ಏಪ್ರಿಲ್‌ನಲ್ಲಿ ನಾನು ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುತ್ತಿದ್ದೆ. ತಾರಸಿಗೆ ಕಾಂಕ್ರೀಟ್ ಮೋಲ್ಡ್ ಹಾಕಿದ ಮೂರನೇ ದಿನಕ್ಕೆ ನಮ್ಮ ಬೋರ್‌ವೆಲ್ ಬತ್ತಿತು. "ಮೇಲೆ ನೀರು ಕಟ್ಟಿ ನಿಲ್ಲಿಸ್ಲಿಲ್ಲಾಂದ್ರೆ ಕಾಂಕ್ರೀಟ್ ಬಿರುಕು ಬಿಡ್ತದೆ ಸಾರ್" ಎಂದ ಮೇಸ್ತ್ರಿ. ತೊಟ್ಟಿಯ ಬೀಗದ ಕೈ ಎರಡಿದ್ದವು; ಒಂದು ದುರ್ಗಮ್ಮನಲ್ಲಿ, ಇನ್ನೊಂದು ನನ್ನಲ್ಲಿ. ಮಧ್ಯಾಹ್ನ ಬೀದಿಯ ಗಂಡಸರೆಲ್ಲ ಆಫೀಸಿಗೆ ಹೋಗಿರುವಾಗ ಪೈಪು ಹಾಕಿ ಮೋಟಾರ್ ಹಚ್ಚಿದೆ. ಒಂದು ದಿನಕ್ಕೆ ಮಾತ್ರ ಅಂದುಕೊಂಡಿದ್ದೆ — ಹದಿನೈದು ದಿನ ನಡೆಯಿತು.

ತೊಟ್ಟಿಯಲ್ಲಿ ನೀರಿಲ್ಲವೆಂದು ದುರ್ಗಮ್ಮ ಬಂದು ಹೇಳಿದಾಗ, "ಟ್ಯಾಂಕರ್ ಬರ್ಲಿಲ್ಲ ಕಣಮ್ಮ" ಎಂದೆ. ಆಕೆ ನನ್ನ ಮಹಡಿಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದಳು. ಖಾಲಿ ಕೊಡ ಎತ್ತಿಕೊಂಡು ಹೋದಳು. ಅಂದಿನಿಂದ ಪಾತ್ರೆ ತೊಳೆದ ನೀರು, ಅತ್ತೆಯ ಮೈ ತೊಳೆಸಿದ ನೀರು — ಎಲ್ಲವನ್ನೂ ಕೊಡದಲ್ಲಿ ಹೊತ್ತು ಸಸಿಗಳಿಗೆ ಹಾಕತೊಡಗಿದಳು. ಅಷ್ಟು ನೀರು ಸಾಕಾದದ್ದು ಶೆಡ್ಡಿನ ಮುಂದಿದ್ದ ಮೂರಕ್ಕೆ. ಉಳಿದ ಹನ್ನೊಂದು ಒಣಗಿ ಕಡ್ಡಿಯಾದವು.

ಭಾನುವಾರ ಬೀದಿಯಲ್ಲೇ ಸಭೆ ಸೇರಿತು. ಅಧ್ಯಕ್ಷರು ನಿವೃತ್ತ ಮೇಷ್ಟ್ರು, ಮೃದು ಮನುಷ್ಯ. "ಯಾಕಮ್ಮ ಹೀಗಾಯ್ತು?" ಎಂದು ಕೇಳಿದರು.

"ನೀರು ಈ ಸಾಹೇಬ್ರ ಮನೀಗೆ ಹೋಗೇತ್ರಿ. ನಾ ಕಣ್ಣಾರೆ ನೋಡೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಆಗಲಾದರೂ ತಲೆತಗ್ಗಿಸಬಹುದಿತ್ತು. ನಾನು ಕೈ ಚಾಚಿ ತೋರಿಸಿದೆ.

"ಸಾರ್, ಅವಳ ಶೆಡ್ ಮುಂದಿರೋ ಮೂರೇ ಹ್ಯಾಗೆ ಹಸಿರಾಗಿವೆ? ಟ್ಯಾಂಕರ್ ನೀರೆಲ್ಲ ಎಲ್ಲಿಗೆ ಹೋಯ್ತು ಅಂತ ನೀವೇ ನೋಡಿ."

ತನ್ನ ಬಳಕೆಯ ನೀರು ಉಳಿಸಿ ಬದುಕಿಸಿದ್ದನ್ನೇ ಅವಳ ಕಳ್ಳತನಕ್ಕೆ ಸಾಕ್ಷಿ ಮಾಡಿದೆ. ಆ ಮಾತು ನನಗೆ ಎಷ್ಟು ಬೇಗ ಹೊಳೆಯಿತು, ಎಷ್ಟು ಸಲೀಸಾಗಿ ಬಾಯಿಗೆ ಬಂತು — ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯೆನಿಸುವುದು ಅಲ್ಲೇ. ದುರ್ಗಮ್ಮ ಅಳಲಿಲ್ಲ, ಜಗಳವಾಡಲಿಲ್ಲ. "ಆತು ಬಿಡ್ರಿ" ಎಂದಳು, ಅಷ್ಟೆ. ಮರುದಿನ ಉರಿಬಿಸಿಲಲ್ಲಿ ಗಂಡ ಹೆಂಡತಿ ಶೆಡ್ಡಿನ ತಗಡು ಬಿಚ್ಚಿ, ಅತ್ತೆಯ ಕೈ ಹಿಡಿದು ಹೊರಟರು. ನಾನು ಕಿಟಕಿಯ ಪರದೆ ಎಳೆದುಕೊಂಡೆ.

ಆಮೇಲೆ ಕೆಂಗೇರಿಯಲ್ಲೊಮ್ಮೆ, ಜ್ಞಾನಭಾರತಿಯ ಹತ್ತಿರ ಕಟ್ಟಡವೇಳುತ್ತಿದ್ದ ಕಡೆಗಳಲ್ಲಿ ಎಷ್ಟೋ ಸಲ, ವಿಚಾರಿಸಿದೆ. ಯಾರಿಗೂ ತಿಳಿದಿರಲಿಲ್ಲ. ಆಕೆ ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ…

ಕಳೆದ ತಿಂಗಳು ಸಂಘದ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಮೇಷ್ಟ್ರು ಈಗಿಲ್ಲ, ಇದ್ದವರಲ್ಲಿ ಹೆಚ್ಚಿನವರು ಹೊಸಬರು. ಆಮೇಲೆ ಒಬ್ಬರು, "ಎಂಥ ದೊಡ್ಡ ಮನಸ್ಸು ಸಾರ್ ನಿಮ್ದು! ಯಾರು ಹೀಗೆ ಒಪ್ಕೋತಾರೆ ಈ ಕಾಲದಲ್ಲಿ?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯನ್ನೂ ನಾನು ತಡೆಯಲಿಲ್ಲ.