ನಡಕೋತ ಬರುತ್ತಿದ್ದ ಹೊಸ ಗೇಮ್

“ಅಲ್ರಿ ಚನ್ನಪ್ಪಣ್ಣ, ದೆವ್ವ ಬರಬಾರ್ದಂತ ಮಂದಿ ಬಾಗಲದ ಮ್ಯಾಲ ‘ನಾಳೆ ಬಾ’ ಅಂತ ಬರೀತಾರ. ನೀವು ಯಾರಿಗೆ ಬರದೀರಿ?”

ಹೂ ಮಾರುವ ಬೀಬಮ್ಮ ಹೀಗೆ ಕೇಳಿದಾಗ ನಾನು ರಾಣೇಬೆನ್ನೂರಿನ ಚನ್ನಪ್ಪಣ್ಣನ ವಿಡಿಯೊ ಗೇಮ್ ಅಂಗಡಿಯ ಹೊಸ್ತಿಲಲ್ಲಿದ್ದೆ. ಬಾಗಿಲಿಗೆ ತೂಗುಹಾಕಿದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಹೊಸ ಗೇಮ್ ನಾಳೆ’ ಎಂದಿತ್ತು. ಅದು ತೊಂಬತ್ತರ ದಶಕ. ಬ್ಯಾಡಗಿಯಿಂದ ದಿನಾ ಬಸ್ಸಿಗೆ ಬಂದು ಕಾಲೇಜು ಓದುತ್ತಿದ್ದೆ, ಅಂದರೆ ಹೆಚ್ಚಾಗಿ ಗೇಮ್ ಆಡುತ್ತಿದ್ದೆ. ಬಸ್ ಸ್ಟ್ಯಾಂಡ್ ಎದುರಿನ ಇನ್ನೊಂದು ಅಂಗಡಿಗೆ ಹೊಸ ಕಾರ್ ರೇಸ್ ಬಂದ ಮರುದಿನವೇ ಈ ಹಲಗೆ ಮೇಲೇರಿತ್ತು. ನಮ್ಮಂಥ ಗಿರಾಕಿಗಳು ಆ ಕಡೆ ಹೊರಳಬಾರದಲ್ಲ! ಎಂಟು ದಿನ ಕಳೆದರೂ ‘ನಾಳೆ’ ನಾಳೆಯಾಗಿಯೇ ಇತ್ತು. ಅಕ್ಷರ ಮಾಸಿದರೆ ಚನ್ನಪ್ಪಣ್ಣ ಅದರ ಮೇಲೇ ತೀಡಿ ದಪ್ಪ ಮಾಡುತ್ತಿದ್ದ.

ಬೀಬಮ್ಮನ ಮಾತಿಗೆ ಅವನೇನೂ ನಾಚಲಿಲ್ಲ. “ಹುಬ್ಬಳ್ಳಿಯಿಂದ ಹೊಂಟೈತಿ ಬೇ, ಲಗೂ ಬರ್ತೈತಿ” ಎಂದ.

ಬೀಬಮ್ಮ ಬುಟ್ಟಿ ಎತ್ತಿಕೊಂಡಳು. “ಎಂಟು ದಿನ ಆತಲ್ರಿ. ನಡಕೋತ ಬರಾಕತ್ತೈತೇನು?”

ಈಗ ದೊಡ್ಡ ದೊಡ್ಡ ಕಂಪನಿಗಳು ಎದುರಾಳಿಯ ಗೇಮ್ ಬರುವ ಹೊತ್ತಿಗೆ ಸರಿಯಾಗಿ ತಮ್ಮದನ್ನೂ ಘೋಷಿಸಿ, ಆಮೇಲೆ ತಾರೀಖು ಮುಂದೂಡುವ ಸುದ್ದಿ ಓದಿದಾಗಲೆಲ್ಲ ಆ ಹಲಗೆ ಕಣ್ಣಮುಂದೆ ಬರುತ್ತದೆ. ‘ನಾಳೆ ಬಾ’ ಎಂದು ಓದಿದರೆ ದೆವ್ವವಾದರೂ ತಿರುಗಿ ಹೋಗುತ್ತದಂತೆ. ನಾನು ಎಂಟೂ ದಿನ ಓದಿ, ಒಳಗೆ ಹೋಗಿ, ಅದೇ ಹಳೇ ಗೇಮ್ ಆಡಿ ಬಂದಿದ್ದೆ.