ಬೀರಪ್ಪಜ್ಜನ ಹೊಲದ ಪ್ರಬಂಧ

ಇಂಟರ್‌ನೆಟ್ ಅಂಗಡಿಗಳಿದ್ದ ಕಾಲ ಅದು. ಸರ್ಕಾರದ ಹಣದಲ್ಲಿ ನಾನು ನಡೆಸಿದ ಉಪ್ಪೇರಿದ ಸವಳು ಮಣ್ಣಿನ ಸಂಶೋಧನೆಗೆ ರನ್ನ ಬೆಳಗಲಿಯ ಬೀರಪ್ಪಜ್ಜ ತನ್ನ ಕಬ್ಬಿನ ಹೊಲವನ್ನೆಲ್ಲ ಅಗೆಯಲು ಬಿಟ್ಟಿದ್ದ. ಎರಡು ವರ್ಷದ ಮೇಲೆ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವನು, "ನಮ್ಮ ಮಣ್ಣಿಂದು ಏನ್ ಬರದ್ರಿ, ತೋರಸ್ರಿ" ಅಂದ.

ಹೆಮ್ಮೆಯಿಂದ ಇಂಟರ್‌ನೆಟ್ ಅಂಗಡಿಗೆ ಕರೆದೊಯ್ದೆ. ಪರದೆಯ ಮೇಲೆ, ಪ್ರಬಂಧ ಅಚ್ಚಾದ ಸಂಶೋಧನಾ ಪತ್ರಿಕೆಯ ಪುಟದಲ್ಲಿ, ನನ್ನದೇ ಹೆಸರಿತ್ತು. ಪ್ರಬಂಧ ಓದಲು ಮಾತ್ರ ಅದು ನನ್ನನ್ನೇ ಪಾಸ್‌ವರ್ಡ್ ಕೇಳಿತು. ಅದು ಚಂದಾದಾರರಿಗಷ್ಟೇ ಅಂತೆ.

"ನೀವು ಹೊಲಕ್ಕ ಬಂದಾಗ ಯಾರು ಏನಂತ ನಾ ಕೇಳಿದ್ದಿಲ್ಲಲ್ರೀ" ಅಂದ ಅಜ್ಜ, ಮೆತ್ತಗೆ.

ನಾಚಿಕೆಯಾಯಿತು. ಅಲ್ಲೇ ಕೂತು ನೆನಪಿದ್ದಷ್ಟನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿಕೊಟ್ಟೆ: ನೀರು ಕಡಿಮೆ ಬಿಡಿ, ಬಸಿಗಾಲುವೆ ತೋಡಿ. ಅಜ್ಜ ಅದನ್ನು ಊರಿನ ಚಹಾದಂಗಡಿಯ ಗೋಡೆಗೆ ಅಂಟಿಸಿದ. ಸುಣ್ಣ ಬಳಿಯುವ ತನಕ ಅಲ್ಲೇ ಇತ್ತು.

ನನ್ನ ಯಾವ ಪ್ರಬಂಧಕ್ಕೂ ಅಷ್ಟು ಓದುಗರು ಮತ್ತೆ ಸಿಗಲಿಲ್ಲ.