ಅತ್ತೆ ಪೆಟ್ಟಿಗೆಯ ಸುಂಯ್ ಸದ್ದು

ಸೊರಬದಲ್ಲಿ ನಂಗೊಂದು ಹೆಸರಿದೆ. ಬಸ್ಸಿಳಿದು ಪೇಟೆ ದಾಟೋದ್ರೊಳಗೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಏನಪ್ಪಾ ಸುಂಯ್ ಹೋಯ್ತಾ ಅಂತ. ನಾನು ಹಲ್ಲು ಕಿರಿದು ಮುಂದೆ ಹೋಗ್ತೀನಿ. ಆ ಸುಂಯ್ ಎಲ್ಲಿ ಹುಟ್ತು, ಅದನ್ನ ಹಿಡಿಯೋಕೆ ಹೋಗಿ ನಾನು ಎಷ್ಟು ಮಂಗ ಆದೆ ಅನ್ನೋದನ್ನ ಇಲ್ಲಿ ಬರೀತಿದೀನಿ. ಅಲ್ಲಿರೋ ನನ್ನ ಸೋದರತ್ತೆ-ಮಾವನ ಮನೇಲಿ ಅಂಗಡಿ ಬಟ್ಟೆ ಸುತ್ತಿ ಬಂದ ಹಳೇ ಪೇಪರ್ ಬಿಟ್ಟು ಬೇರೆ ಏನೂ ಓದಲ್ಲ, ಆ ಧೈರ್ಯ.

ನಾನು ಇಂಟರ್‌ಮೀಡಿಯೇಟ್ ಫೇಲು. ಸುಮ್ನೆ ಫೇಲಲ್ಲ, ಪರೀಕ್ಷೆ ಮಾಡೋರಿಗೇ ಪಶ್ಚಾತ್ತಾಪ ಆಗೋ ಹಂಗೆ ಫೇಲು. ಆಮೇಲೆ ಶಿಕಾರಿಪುರದ ಒಂದು ರೇಡಿಯೋ ರಿಪೇರಿ ಅಂಗಡಿಗೆ ಕೆಲಸ ಕಲಿಯೋಕೆ ಸೇರ್ಕಂಡೆ. ನಾನು ಸೇರಿದ ಮೇಲೆ ಎಷ್ಟೋ ರೇಡಿಯೋ ನನ್ನ ಮುಖ ನೋಡಿ ಹೆದರ್ಕಂಡು ತಾವಾಗೇ ಸರಿಹೋದ್ವು ಅಂತ ಅಂಗಡಿ ಯಜಮಾನ್ರು ಬಂದೋರಿಗೆಲ್ಲ ಹೇಳೋರು. ಉಳಿದವು ನನ್ನ ಕೈಗೆ ಸಿಕ್ಕಿ ಮೋಕ್ಷ ಕಂಡ್ವು. ಒಬ್ಬರ ರೇಡಿಯೋ ಸ್ಪೀಕರಿಗೆ ತಂತಿ ಕೂರಿಸಿ, ಒಳಗೆ ನನ್ನ ಚಮಚ ಬಿಟ್ಟು ಮುಚ್ಚಿದ್ದೆ. ಅವರು ತಿಂಗಳುಗಟ್ಟಲೆ ವಾರ್ತೆ ಜೊತೆ ತಾಳ ಕೇಳ್ಕಂಡು, ಈಚೆಗೆ ವಾರ್ತೆ ಬಾಳ ಇಂಪಾಗಿ ಓದ್ತಾರೆ ಅಂದ್ರಂತೆ.

ಸೊರಬದಲ್ಲಿರೋದು ನನ್ನ ಸೋದರತ್ತೆ, ಅಂದ್ರೆ ಅಪ್ಪನ ಅಕ್ಕ. ಅಮ್ಮ ಕಾಯಿಲೆ ಬಿದ್ದಾಗ ನನ್ನನ್ನ ಸಾಕಿದ್ದು ಅವರೇ. ಮಾವಂದು ಪೇಟೇಲಿ ಬಟ್ಟೆ ಅಂಗಡಿ, ಅಂಗಡಿ ಹಿಂದೇನೇ ಮನೆ. ಆ ಕಡೆ ಮಲೇರಿಯಾ ಜೋರಿದ್ದ ಕಾಲದಲ್ಲಿ ಅತ್ತೆಗೆ ಜ್ವರ ಬಂದು ಬಂದು, ಕ್ವಿನೈನ್ ತಿಂದು ತಿಂದು, ಜ್ವರ ಹೋಯ್ತು, ಜೊತೆಗೆ ಕಿವೀನೂ ಹೋಯ್ತು. ಪೂರ್ತಿ ಅಲ್ಲ. ಕಿವಿ ಹತ್ರ ಬಾಯಿಟ್ಟು ಕೂಗಿದ್ರೆ ಏನೋ ಒಂಚೂರು. ಆದ್ರೆ ಯಾರು ಎಷ್ಟು ದಿನ ಕೂಗ್ತಾರೆ? ಮನೆಯವರು ಕೈಸನ್ನೆ ಮಾಡಿ ಕೆಲಸ ಹೇಳೋದು ರೂಢಿ ಮಾಡ್ಕಂಡ್ರು. ಅತ್ತೆ ಎಲ್ಲರ ಮುಖ ನೋಡ್ಕಂಡು, ಅವರು ನಕ್ಕಾಗ ತಾವೂ ನಕ್ಕು, ಸಂಸಾರ ಮಾಡ್ತಿದ್ರು.

ಅವರಿಗೆ ಒಬ್ಬಳು ಮೊಮ್ಮಗಳು, ಅತ್ತೆ ಮಗ ನಮ್ಮ ಭಾವನ ಮಗಳು, ಮೂರು ತುಂಬಿತ್ತು. ಬಾಯಿ ಬಂದಿದ್ದೇ ತಡ, ಮಳೆಗಾಲದ ಹಳ್ಳದ ಹಂಗೆ ನಿಲ್ಲದೆ ಮಾತು. ಒಂದ್ಸಲ ಹೋದಾಗ ಅತ್ತೆ ನನ್ನ ಕೈ ಹಿಡ್ಕಂಡು, "ಅಪ್ಪಿ, ನೀನು ರೇಡಿಯೋ ಮಾತಾಡಿಸ್ತೀಯಂತೆ. ಈ ಪುಟ್ಟಿ ಮಾತು ನಂಗೊಂಚೂರು ಕೇಳಿಸೋ ಹಂಗೆ ಮಾಡ್ತೀಯೇನೋ?" ಅಂದ್ರು.

ನನ್ನನ್ನ ನಂಬಿ ಇಂಥ ಕೆಲಸ ಹೇಳಿದೋರು ಪ್ರಪಂಚದಲ್ಲಿ ಅವರೊಬ್ರೇ. ಎದೆ ಉಬ್ಬಿ ಅಂಗಿ ಗುಂಡಿ ಹಾರೋದೊಂದು ಬಾಕಿ.

ಯಜಮಾನ್ರ ಹತ್ರ ಕೇಳಿ, ಬೈಸ್ಕಂಡು, ಕಲಿತ್ಕಂಡು ಒಂದು ಪೆಟ್ಟಿಗೆ ಮಾಡ್ದೆ. ಸಣ್ಣ ಸದ್ದನ್ನ ದೊಡ್ಡದು ಮಾಡಿ ಹೆಡ್‌ಫೋನಿಗೆ ಕೊಡೋ ಪೆಟ್ಟಿಗೆ. ಸೋಪು ತುಂಬಿ ಬರೋ ಮರದ ಡಬ್ಬದಲ್ಲಿ ಗಾಜಿನ ಬುರುಡೆ ಥರದ ಎರಡು ರೇಡಿಯೋ ವಾಲ್ವು, ಇಟ್ಟಿಗೆ ಗಾತ್ರದ ಬ್ಯಾಟರಿಗಳು, ಬಿಸಾಕಿದ ಟೆಲಿಫೋನಿಂದ ಕಿತ್ತ ಮೈಕು. ಹೆಡ್‌ಫೋನು ಶಿವಮೊಗ್ಗದ ಗುಜರಿ ಅಂಗಡೀದು. ಯಾವುದೋ ಯುದ್ಧ ನೋಡಿದ್ದಂತೆ. ಇದನ್ನ ತೊಡೆ ಮೇಲಿಟ್ಕಂಡು ಶಿರಾಳಕೊಪ್ಪದ ಮೇಲೆ ಹೋಗೋ ಬಸ್ಸು ಹತ್ತಿದೆ. ಕಂಡಕ್ಟರು ಇದೇನು ಅಂದ. ಕಿವಿ ಅಂದೆ. ಕಿವಿಗೆ ಲಗೇಜು ಚಾರ್ಜು ಹಾಕ್ದ.

ಮೈಕನ್ನ ಒಂದು ಡಬ್ಬೀಲಿಟ್ಟು ಪಡಸಾಲೆ ಕಂಬಕ್ಕೆ ಕಟ್ಟಿದೆ. ಅಡುಗೆಮನೆ ಬಾಗಿಲೂ ಅಂಗಡಿ ಬಾಗಿಲೂ ತೆರೆಯೋದು ಅಲ್ಲಿಗೇ, ಮನೆ ಮಾತೆಲ್ಲ ಆ ಕಂಬ ದಾಟ್ಕಂಡೇ ಹೋಗ್ಬೇಕು. ಪೆಟ್ಟಿಗೆ ಒಳಗಿನ ಕೋಣೇಲಿ. ಅತ್ತೆ ಅಲ್ಲಿ ಅಕ್ಕಿ ಆರಿಸ್ಕಂಡು ಕೂರೋದು. ಹೆಡ್‌ಫೋನು ಹಾಕಿ ಸ್ವಿಚ್ಚು ತಿರುಗಿಸ್ದೆ. ಪೆಟ್ಟಿಗೆ ಕುಂಯ್ಯೋ ಅಂತ ಕಿರುಚಿಕೊಂಡ ಏಟಿಗೆ ಅತ್ತೆ ಮೊರ ಚೆಲ್ಲಿದ್ರು, ಪಕ್ಕದ ಮನೆ ಎಮ್ಮೆ ಆವತ್ತು ಹಾಲು ಕೊಡಲಿಲ್ಲ ಅಂತ ಆ ಮನೆಯವರು ಈಗ್ಲೂ ನನ್ನ ಲೆಕ್ಕಕ್ಕೇ ಬರೀತಾರೆ. ಹೆಡ್‌ಫೋನಿನ ಸದ್ದು ಮೈಕಿಗೇ ವಾಪಸ್ ಹೋಗ್ತಿತ್ತು, ಕೋಣೆ ಬಾಗಿಲು ಹಾಕಿದ ಮೇಲೆ ಕಿರುಚೋದು ನಿಂತಿತು. ಉಳಿದಿದ್ದು ಸುಂಯ್. ಹಂಚಿನ ಮೇಲೆ ಸಾಸಿವೆ ಸಿಡಿದಂಗೆ ನಡುನಡುವೆ ಚಟಪಟ.

ಅತ್ತೆಗೆ ಮಾತು ತಿಳೀಲಿಲ್ಲ. ಆದ್ರೂ ಹೆಡ್‌ಫೋನನ್ನ ಎರಡೂ ಕೈಲಿ ಒತ್ತಿ ಹಿಡ್ಕಂಡು ಕಣ್ಣು ಮುಚ್ಕಂಡಿದ್ರು. "ಮಳೆ ಆಚೆ ಯಾರೋ ಮಾತಾಡ್ದಂಗಿದೆ ಕಣೋ. ಸುಂಯ್ ಅಂದ್ರೆ ಅನ್ಲಿ, ತೆಗೀಬೇಡ," ಅಂದ್ರು. ಊಟಕ್ಕೂ ಅದನ್ನ ಹಾಕ್ಕಂಡೇ ಕೂರ್ತೀನಿ ಅಂದ್ರು.

ನಾನು ತೆಗೆದೆ. ಕಲಾವಿದರಿಗೆ ಅಷ್ಟಕ್ಕೇ ತೃಪ್ತಿ ಆಗಲ್ಲ.

ಪೆಟ್ಟಿಗೆ ವಾಪಸ್ ಶಿಕಾರಿಪುರಕ್ಕೆ ಬಂತು. ಯಜಮಾನ್ರು ಬಿಚ್ಚಿ ನೋಡಿದ್ರು. ತಂತಿ ಬೆಸೆದ ಜಾಗದಲ್ಲೆಲ್ಲ ಹಸಿರು ಹಿಡಿದಿತ್ತು. ಬೆಸುಗೆಗೆ ರಾಳ ಹಾಕ್ಬೇಕು. ನಾನು ಪೆಟ್ಟಿಗೆ ಮಾಡೋವಾಗ ನಮ್ಮಲ್ಲಿ ರಾಳ ಮುಗಿದಿತ್ತು. ಬೀದೀಲಿ ಪಾತ್ರೆಗೆ ಕಲಾಯಿ ಹಾಕೋನು ತಿದಿ ಒತ್ತುತಾ ಕೂತಿದ್ದ. ಅವನೂ ತವರ ಕರಗಿಸ್ತಾನೆ, ನಾನೂ ತವರ ಕರಗಿಸ್ತೀನಿ, ಒಂದೇ ಕುಲ ಅಂತ ಅವನ ಹತ್ರ ನವಸಾಗರದ ಉಪ್ಪು ಈಸ್ಕಂಡು ಉಜ್ಜಿದ್ದೆ. ಬೆಸುಗೆ ಬೆಳ್ಳಿ ಹಂಗೆ ಕೂತಿತ್ತು. ನವಸಾಗರ ತಪ್ಪಲೆಗೆ ಸರಿ, ತೊಳೆದು ಒಲೆ ಮೇಲಿಡ್ತಾರೆ. ಪೆಟ್ಟಿಗೆ ಒಳಗೆ ಅದು ಕೂತಲ್ಲೇ ತಾಮ್ರ ತಿಂತಾ ಇರುತ್ತೆ. ಆ ಚಟಪಟ ಎಲ್ಲ ಅದು ಅಗಿಯೋ ಸದ್ದು. ಇದರಲ್ಲಿ ಪಾಯಸ ಮಾಡಬಹುದಿತ್ತು, ಮಾತು ಕೇಳಕ್ಕಾಗಲ್ಲ ಅಂದ್ರು ಯಜಮಾನ್ರು.

ಎಲ್ಲ ಕಿತ್ತು ಹೊಸದಾಗಿ ಬೆಸೆದೆ, ಈ ಸಲ ರಾಳ ಹಾಕಿ. ಕೆಟ್ಟ ರೆಸಿಸ್ಟರ್ ಬದಲಾಯಿಸ್ದೆ. ವಾಲ್ವಿನ ಕಾಲೆಲ್ಲ ಉಜ್ಜಿದೆ. ಯಾರಾದ್ರೂ ನೆಲ ತುಳಿದ್ರೂ ವಾಲ್ವು ಟಣ್ ಅಂತಿತ್ತು. ಅದಕ್ಕೆ ಹಾಸಿಗೆ ಹತ್ತಿ ಸುತ್ತಿ ಬಾಣಂತಿ ಹಂಗೆ ಮಲಗಿಸ್ದೆ. ಸದ್ದು ಹೊರಗೆ ಸೋರಿ ಮತ್ತೆ ಕಿರುಚದಂಗೆ ಹೆಡ್‌ಫೋನಿನ ಅಂಚಿಗೂ ಅದನ್ನೇ ಕೂರಿಸ್ದೆ. ಟೆಲಿಫೋನ್ ಮೈಕಿನೊಳಗಿನ ಇದ್ದಲು ಪುಡಿ ಗಟ್ಟಿಯಾಗಿತ್ತು, ಅದನ್ನ ಬೆರಳಲ್ಲಿ ಬಡಿದು ಬಡಿದು ಸಡಿಲ ಮಾಡ್ದೆ. ಕೊನೆಗೆ ಹೆಡ್‌ಫೋನು ಹಾಕ್ಕಂಡ್ರೆ, ಅಂಗಡಿ ಮೂಲೇಲಿ ಹಲ್ಲಿ ಲೊಚಗುಟ್ಟಿದ್ದು ಕಿವಿಯೊಳಗೇ ಲೊಚಗುಟ್ಟಿದಂಗೆ ಕೇಳ್ತು. ಸುಂಯ್ ಇಲ್ಲವೇ ಇಲ್ಲ ಅನ್ನೋ ಅಷ್ಟು ಸಣ್ಣ. ಯಜಮಾನ್ರು ಹಾಕ್ಕಂಡು ಕೇಳಿ, ಇದನ್ನ ನೀನೇ ಮಾಡಿದ್ದಾ ಅಂತ ಎರಡು ಸಲ ಕೇಳಿದ್ರು. ನಂಗೆ ಆವತ್ತು ಡಿಗ್ರಿ ಸಿಕ್ತು.

ಸೊರಬಕ್ಕೆ ಹೋಗಿ ಮತ್ತೆ ಎಲ್ಲ ಕಟ್ಟಿದೆ. ಬೆಳಗ್ಗೆ ಹೊತ್ತು, ಮನೆ ತುಂಬ ಓಡಾಟ. ಕಂಬದ ಮೇಲಿನ ಡಬ್ಬಿ ಎಲ್ಲರಿಗೂ ಕಾಣ್ತಿತ್ತು. ಆದ್ರೆ ನಾನು ಮಾಡಿದ ಯಂತ್ರ ಕೆಲಸ ಮಾಡೀತು ಅನ್ನೋ ಅನುಮಾನ ಆ ಮನೇಲಿ ಒಬ್ಬರಿಗೂ ಬರಲಿಲ್ಲ. ಅತ್ತೆ ಹೆಡ್‌ಫೋನು ಹಾಕ್ಕಂಡು ಕೂತ್ರು. ನಾನು ಕೋಣೆ ಬಾಗಿಲು ಅರ್ಧ ತೆಗೆದು ಇಣುಕಿ ನೋಡ್ತಾ ನಿಂತೆ, ಚಪ್ಪಾಳೆಗೆ ಕಾಯ್ತಾ.

ಪಡಸಾಲೇಲಿ ಭಾವನ ಹೆಂಡ್ತಿ, ನಾನು ಅಕ್ಕ ಅನ್ನೋದು ಅವರಿಗೆ, ಭಾವಂಗೆ ಕಾಫಿ ಕೊಡ್ತಾ ಇದ್ರು. "ನೋಡ್ರೀ ಅಲ್ಲಿ, ಕೆಪ್ಪಿ ತಲೆಗೆ ನೊಗ ಹೇರ್ಕಂಡು ಕೂತಿದೆ. ಕೇಳ್ದಂಗೆ ನಗುತ್ತೆ ಬೇರೆ. ಯಾರು ಏನಂದ್ರೂ ನಗುತ್ತೆ," ಅಂದ್ರು, ಬಾಗಿಲ ಕಡೆ ನೋಡಿ ಅತ್ತೆಗೆ ಕಾಣೋ ಹಂಗೆ ನಗ್ತಾ. ಭಾವ, ಅಡುಗೆಮನೆಗೆ ಬಿಡಬೇಡ ಅದನ್ನ, ನಿನ್ನೆ ಹಾಲು ಉಕ್ಕಿದ್ದೂ ಗೊತ್ತಾಗ್ಲಿಲ್ಲ ಅಂದ್ರು. ಮಾವ ಅಂಗಡಿ ಬಾಗಿಲಿಂದ ಇನ್ನೊಂದು ಅಂದ್ರು, ಅದನ್ನ ನಾನು ಬರೆಯಲ್ಲ. ಅಷ್ಟೊತ್ತಿಗೆ ಮಗು ಕಂಬದ ಹತ್ರ ಓಡಿಬಂತು. ಅಜ್ಜೀನ ಕರಿ ಪುಟ್ಟಿ ಅಂತ ನಾನೇ ಹೇಳಿಕೊಟ್ಟಿದ್ದೆ. ಅದು ಡಬ್ಬಿಗೆ ಮುಖ ಎತ್ತಿ, ಬೆಲ್ಲದಂಥ ದನೀಲಿ, ಬಾಯ್ತುಂಬ ಪ್ರೀತಿಯಿಂದ ಕರೀತು.

"ಕೆಪ್ಪೀ... ಬಾರೇ ಕೆಪ್ಪೀ, ಆಟ ಆಡಾಣ."

ಮಗೂಗೆ ಅದು ಬೈಗುಳ ಅಂತ ಗೊತ್ತಿಲ್ಲ. ಆ ಮನೇಲಿ ಅಜ್ಜಿಗೆ ಇರೋ ಹೆಸರೇ ಅದು. ನಾನೂ ಬಂದಾಗೆಲ್ಲ ಕೇಳಿ ಕೇಳಿ, ಚೆಂಬು ತಟ್ಟೆ ಅಂದಂಗೆ ಕಿವಿ ಮೇಲೆ ಜಾರಿ ಹೋಗೋ ಮಾತಾಗಿತ್ತು. ಅದಕ್ಕೇ ಆವತ್ತೂ ನಂಗೆ ಏನೂ ಹೊಳೀಲಿಲ್ಲ. ಅತ್ತೆ ಕಡೆ ತಿರುಗಿ, ಹೆಂಗೆ ಅನ್ನೋ ಹಂಗೆ ಹುಬ್ಬು ಹಾರಿಸ್ದೆ.

ಅತ್ತೆ ಹೆಡ್‌ಫೋನು ತೆಗೆದ್ರು. ಸೆರಗಲ್ಲಿ ಒರೆಸಿದ್ರು. ಮೆತ್ತಗೆ ಪೆಟ್ಟಿಗೆ ಮೇಲಿಟ್ರು.

"ಬರೀ ಸುಂಯ್ ಅಂತದೆ ಕಣೋ ಅಪ್ಪಿ. ಏನೂ ಕೇಳ್ಸಲ್ಲ."

ಅಲ್ಲಿಂದ ಶುರುವಾಯ್ತು ನನ್ನ ವನವಾಸ. ಪೆಟ್ಟಿಗೆ ಶಿಕಾರಿಪುರಕ್ಕೆ, ಪೆಟ್ಟಿಗೆ ಸೊರಬಕ್ಕೆ. ಅಂಗಡೀಲಿ ಕೇಳಿದ್ರೆ ಹಲ್ಲಿ ಲೊಚಗುಟ್ಟುತ್ತೆ, ಸೊರಬದಲ್ಲಿ ಅತ್ತೆ ಹಾಕ್ಕಂಡ್ರೆ ಸುಂಯ್. ಬಸ್ಸಲ್ಲಿ ಕುಲುಕಿ ಕೆಡುತ್ತೆ ಅನ್ಕಂಡು ಪೆಟ್ಟಿಗೇನ ಮಗು ಥರ ಎದೆಗವಚ್ಕಂಡು ದಾರಿಯುದ್ದ ನಿಂತೇ ಬಂದೆ. ಸೊರಬದ ಹವಾ ತಂಡಿ ಅನ್ಕಂಡು ಮೈಕನ್ನ ಬಿಸಿ ಬೂದೀಲಿಟ್ಟು ಒಣಗಿಸ್ದೆ, ಡಬ್ಬಿ ಬೆಂದು ಹೋಯ್ತು. ತಂತಿಗಳನ್ನ ಜಡೆ ಹೆಣೆದೆ. ಕಂಡಕ್ಟರು ಲಗೇಜು ಚಾರ್ಜು ಬಿಟ್ಟ, ನಿಮ್ಮ ಕಿವಿ ನೋಡಿದ್ರೆ ಪಾಪ ಅನ್ಸುತ್ತೆ ಅಂದ. ಮಾವ ಗಿರಾಕಿಗಳಿಗೆ ಸೀರೆ ತೋರಿಸ್ತಾ ನನ್ನನ್ನೂ ತೋರಿಸೋರು, ನಮ್ಮ ಹುಡುಗ ಸುಂಯ್ ಹಿಡಿಯಕ್ಕೆ ಬಂದಿದಾನೆ ಅಂತ.

ಕೊನೆಗೆ ಯಜಮಾನ್ರು ಹೇಳಿದ್ರು, ಕ್ವಿನೈನ್ ತಿಂದೋರ ಕಿವೀಲಿ ತಾನಾಗೇ ಒಂದು ಸದ್ದು ಕೂತಿರುತ್ತೆ, ಅದಿದ್ದೀತು, ಬ್ಯಾಟರಿ ಕಿತ್ತು ಕೇಳಿ ನೋಡು ಅಂತ. ಸರಿ ಅಂತ ಹೋದೆ. ಮಧ್ಯಾಹ್ನ, ಮನೆಯವರೆಲ್ಲ ಊಟ ಮಾಡಿ ಮಲಗಿದ್ರು. ಕಂಬದಿಂದ ಮೈಕು ಬಿಚ್ಚಿ ಕೋಣೆ ಹೊಸಿಲ ಹತ್ರ ತಂದಿಟ್ಕಂಡೆ. ಅತ್ತೆ ಹೆಡ್‌ಫೋನು ಹಾಕ್ಕಂಡ ಮೇಲೆ ಹಿಂದಿನಿಂದ ಬ್ಯಾಟರಿ ತಂತಿ ಕಿತ್ತೆ. ಸುಂಯ್ ಇದೆಯಾ ಅಂತ ಕೈಸನ್ನೆ ಮಾಡ್ದೆ.

"ಇದೆ ಕಣೋ. ಹಂಗೇ ಇದೆ," ಅಂದ್ರು.

ಸತ್ತ ಪೆಟ್ಟಿಗೇಲಿ ಸುಂಯ್! ನಂಗೆ ಕುಣಿಯೋ ಅಷ್ಟು ಖುಷಿ ಆಯ್ತು. ತಪ್ಪು ನಂದಲ್ಲ, ಕ್ವಿನೈನಿಂದು. ಆ ಖುಷೀಲೇ ತಂತಿ ವಾಪಸ್ ಸಿಕ್ಕಿಸಿ, ಅತ್ತೆಗೆ ಬೆನ್ನು ಹಾಕಿ, ಸುಮ್ನೆ ಚಟಕ್ಕೆ ಮೈಕಲ್ಲಿ ಪಿಸುಗುಟ್ಟಿದೆ. "ಕೇಳಿ, ಕೇಳಿ. ಇಂಟರ್ ಫೇಲಾದ ಮಹಾಪುರುಷರು ಮಾತಾಡ್ತಿದಾರೆ. ಇವರಿಗೆ ಹೆಣ್ಣು ಕೊಡಬೇಕು ಅನ್ನೋರು ಮೊದ್ಲು ಡಾಕ್ಟರಿಗೆ ತೋರಿಸ್ಕಳಿ."

ಹಿಂದಿನಿಂದ ನಗು ಕೇಳ್ತು.

ತಿರುಗಿ ನೋಡಿದ್ರೆ ಅತ್ತೆ ಬಾಯಿಗೆ ಕೈ ಅಡ್ಡ ಹಿಡ್ಕಂಡಿದ್ರು, ತಡ ಆಗಿತ್ತು. ಎಂಥ ದಡ್ಡನಿಗೂ ಒಂದು ಹೊತ್ತಿಗೆ ತಲೆಗೆ ಇಳಿಯುತ್ತೆ. ಬ್ಯಾಟರಿ ಇಲ್ದಾಗ ಸುಂಯ್ ಇದೆ ಅಂದ್ರು, ಇದ್ದಾಗ ನನ್ನ ಪಿಸುಮಾತಿಗೆ ನಕ್ರು. ಕಂಬ, ಡಬ್ಬಿ, ಪುಟ್ಟಿ ಕರೆದಿದ್ದು, ಎಲ್ಲ ಒಟ್ಟಿಗೆ ಬಂದು ಎದೆ ಮೇಲೆ ಕೂತ್ವು.

"ಪುಟ್ಟಿ ಕರೆದ ದಿನಾನೇ ಕೇಳ್ತು ಅಲ್ವಾ ಅತ್ತೆ," ಅಂದೆ ಮೈಕಿಗೆ.

"ನೀನು ಚೆನ್ನಾಗಿ ಮಾಡಿದೀಯ ಅಪ್ಪಿ. ಪೆಟ್ಟಿಗೇಲಿ ಏನೂ ಐಬಿಲ್ಲ." ಮೊರದಲ್ಲಿದ್ದ ಅಕ್ಕೀನ ಬೆರಳಲ್ಲಿ ಸರಿಸ್ತಾ ಇದ್ರು, ಕಲ್ಲಿದ್ದಂಗೆ ನಂಗೆ ಕಾಣಲಿಲ್ಲ. "ಇಷ್ಟು ವರ್ಷ ಎಲ್ಲ ನನ್ನ ಮುಖ ನೋಡಿ ನಗ್ತಾ ಮಾತಾಡೋರು. ನನ್ನ ಹತ್ರ ಮಾತಾಡ್ತಿದಾರೆ ಅನ್ಕಂಡಿದ್ದೆ."

ನಾನೂ ಮೊರಕ್ಕೆ ಕೈ ಹಾಕಿ ಅವರ ಜೊತೆ ಇಲ್ಲದ ಕಲ್ಲು ಆರಿಸಕ್ಕೆ ಕೂತೆ.

"ಪುಟ್ಟಿ ದನಿ ಒಂದು ಚೆನ್ನಾಗಿದೆ," ಅಂದ್ರು ಆಮೇಲೆ. "ಅದು ಹಂಗೆ ಕರೆದ್ರೆ ನಂಗೇನಿಲ್ಲ. ಉಳಿದಿದ್ದು ಬೇಡ. ನೀನು ಸುಂಯ್ ಹೋಗ್ಲಿಲ್ಲ ಅಂತ ಹೇಳ್ಬಿಡು. ನಿನ್ನ ಹೆಸರು ಕೆಡುತ್ತಲ್ಲೋ, ಅದೊಂದು."

"ಕೆಡಕ್ಕೆ ಹೆಸರು ಇರಬೇಕಲ್ಲ ಅತ್ತೆ," ಅಂದೆ. ಅದಕ್ಕೂ ಸ್ವಲ್ಪ ನಕ್ರು. ಹೆಡ್‌ಫೋನು ತೆಗೆದು ನನ್ನ ತೊಡೆ ಮೇಲಿಟ್ರು.

ಸಂಜೆ ಮಾವಂಗೆ ಹೇಳಿದೆ, ಆಗ್ಲಿಲ್ಲ, ಈ ಸುಂಯ್ ಹೋಗೋ ಜಾತೀದಲ್ಲ ಅಂತ. ಅಂಗಡಿ ತುಂಬ ನಗು. ಅಕ್ಕ, ಹೋಗ್ಲಿ ಬಿಡಿ ತಮ್ಮಾ, ಕೇಳಿಸಿದ್ರೂ ಅದಕ್ಕೇನು ತಿಳೀತಿತ್ತು ಅಂತ ಸಮಾಧಾನ ಹೇಳಿ, ನಂಗೆ ಇನ್ನೊಂದು ಲೋಟ ಕಾಫಿ ಕೊಟ್ರು. ಕಾಫಿ ಚೆನ್ನಾಗಿತ್ತು. ಅದನ್ನ ಅವರ ಮುಖಕ್ಕೆ ಎರಚೋ ಗಂಡಸು ನಾನಲ್ಲ. ಕುಡಿದೆ, ಅವರ ಜೊತೆ ನಕ್ಕೆ ಕೂಡ. ಎದುರಿಗೆ ಅತ್ತೆ ಕೂತಿದ್ರು, ಎಲ್ಲರ ಮುಖ ನೋಡಿ ಅವರೂ ನಕ್ರು. ಮೊದಲಿನ ಹಂಗೇ ಇತ್ತು ಆ ನಗು. ಒಂಚೂರೂ ವ್ಯತ್ಯಾಸ ಇರಲಿಲ್ಲ.

ಶಿಕಾರಿಪುರಕ್ಕೆ ಬಂದು ಪೆಟ್ಟಿಗೆ ಬಿಚ್ಚಿದೆ. ವಾಲ್ವುಗಳು ಇನ್ಯಾರದೋ ರೇಡಿಯೋಗೆ ಹೋದ್ವು. ನಾನು ನೆಟ್ಟಗೆ ಮಾಡಿದ್ದು ಇದೊಂದೇ ವಸ್ತು ಅಂತ ಯಜಮಾನ್ರು ಗೊಣಗಿದ್ರು. ಸುಂಯ್ ಸಿಕ್ತೇನೋ ಅಂದಿದ್ದಕ್ಕೆ, ಸಿಕ್ತು, ರಿಪೇರಿ ಆಗಲ್ಲ ಅಂದೆ. ಅವರು ಕ್ವಿನೈನ್ ಅಂತ ತಿಳ್ಕಂಡ್ರು.

ಹೋದ ತಿಂಗಳು ಸೊರಬಕ್ಕೆ ಹೋಗಿದ್ದೆ. ಪುಟ್ಟಿ ಜಗಲಿ ಮೇಲಿತ್ತು. ನನ್ನ ಕಂಡಿದ್ದೇ ಒಳಗೆ ಓಡಿ, ಅತ್ತೆ ಸೆರಗು ಜಗ್ಗಿ, "ಕೆಪ್ಪೀ, ಸುಂಯ್ ಮಾಮ ಬಂತು," ಅಂತ ಕೂಗ್ತು. ಅತ್ತೆ ಬಗ್ಗಿ ಅದರ ತುಟಿ ನೋಡಿದ್ರು. "ಹೂಂ ಕಣೇ, ಬಂದೆ," ಅಂತ, ನಂಗೆ ಕಾಲಿಗೆ ನೀರು ತರಕ್ಕೆ ಹೋದ್ರು.